ಆಚಾರ್ಯ ಜಗದೀಶಚಂದ್ರ ಬೋಸರು

ಗಿಡಮರಗಳಿಗೂ ಸಂವೇದನೆಯುಂಟೆಂದು ಪ್ರಯೋಗಗಳಿಂದ ತೋರಿಸಿದವರೆಂದು ಜಗದೀಶಚಂದ್ರ ಬೋಸರನ್ನು ನಾವೆಲ್ಲ ಬಲ್ಲೆವು. ಅದಕ್ಕೂ ಮೊದಲು ಅವರು ನಡೆಸಿದ ವಿದ್ಯುತ್ಕಾಂತ ತರಂಗಗಳ ಸಂಶೋಧನೆ ನಮ್ಮಲ್ಲಿ ಅಷ್ಟಾಗಿ ಪರಿಚಿತವಲ್ಲ.

ಅವರು ಜನಿಸಿದ್ದು 1858ನೆಯ ಇಸವಿ ನವೆಂಬರ್ 30ರಂದು, ಪೂರ್ವ ಬಂಗಾಳದಲ್ಲಿ. ತಂದೆ ಭಗವಾನ್‌ಚಂದ್ರರು ಸರ್ಕಾರಿ ಅಧಿಕಾರಿಗಳಾಗಿದ್ದರೂ ಮಗನನ್ನು ಮೊದಲು ಬಂಗಾಳಿ ಶಾಲೆಗೇ ಸೇರಿಸಿದರು. ಕಲ್ಕತ್ತೆಯಲ್ಲೂ ಕೇಂಬ್ರಿಜ್ಜಿನಲ್ಲೂ ವ್ಯಾಸಂಗ ಮುಗಿಸಿದ ಬೋಸರು 1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಆಗ ಭಾರತೀಯ ಅಧ್ಯಾಪಕರಿಗೆ ಐರೋಪ್ಯರಿಗಿಂತ ಕಡಿಮೆ ಸಂಬಳ. ಮನೆಯಲ್ಲಿ ಸಾಲವಿದ್ದರೂ ಬೋಸರು ಆ ಸಂಬಳವನ್ನು ಮುಟ್ಟದೆ ಮೂರು ವರ್ಷ ಪಾಠ ಹೇಳಿದರು. ಕೊನೆಗೆ ಸರ್ಕಾರವೇ ಮಣಿದು, ಹಿಂದಿನ ಬಾಕಿಯನ್ನೂ ಸೇರಿಸಿ ಪೂರ್ಣ ಸಂಬಳ ಕೊಟ್ಟಿತು.

ಸಂಶೋಧನೆಗೆ ತಕ್ಕ ಪ್ರಯೋಗಶಾಲೆ ಕಾಲೇಜಿನಲ್ಲಿರಲಿಲ್ಲ. ಚಿಕ್ಕ ಕೋಣೆಯೊಂದರಲ್ಲಿ, ತಗಡಿನ ಕೆಲಸಗಾರನೊಬ್ಬನ ನೆರವಿನಿಂದ, ಬೋಸರು ಸಲಕರಣೆಗಳನ್ನು ತಾವೇ ಮಾಡಿಸಿಕೊಂಡರು. ಹರ್ಟ್ಸ್ 1888ರ ಸುಮಾರಿಗೆ ತೋರಿಸಿದ್ದ ತರಂಗಗಳು ಬಹಳ ಉದ್ದವಾದವು. ಬೋಸರು ಸುಮಾರು 5 ಮಿಲಿಮೀಟರ್ ಉದ್ದದ ತರಂಗಗಳನ್ನು ಹುಟ್ಟಿಸಿದರು. 1895ರಲ್ಲಿ ಕಲ್ಕತ್ತೆಯ ಸಭೆಯೊಂದರಲ್ಲಿ ಗೋಡೆಯಾಚೆಯ ಗಂಟೆ ತಂತಿಯಿಲ್ಲದೆ ಬಾರಿಸಿತು, ಮದ್ದು ಸಿಡಿಯಿತು. 1897ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ವಿದ್ವಾಂಸರ ಮುಂದೆಯೂ ಅವರು ತಮ್ಮ ಉಪಕರಣಗಳನ್ನು ಪ್ರದರ್ಶಿಸಿದರು.

ಇಷ್ಟು ಕಿರಿದಾದ ತರಂಗವನ್ನು ಬೆಳಕಿನ ಕಿರಣದಂತೆ ಒಂದೇ ದಿಕ್ಕಿಗೆ ಹರಿಸಬಹುದು. ಅದಕ್ಕಾಗಿಯೇ ಬೋಸರು ಆಲಿಕೆಯಾಕಾರದ ಲೋಹದ ಬಾಯಿಯನ್ನು ಬಳಸಿದರು. ಅವರ ಮೇಜಿನ ಮೇಲೆ ಕಳಿಸುವ ಯಂತ್ರವನ್ನೂ ಗ್ರಹಿಸುವ ಯಂತ್ರವನ್ನೂ ಎದುರುಬದುರಾಗಿ ಕೈಯಿಂದಲೇ ಇಡಬಹುದಾಗಿತ್ತು. ಇಂದು ಅದೇ ಅಳತೆಯ, ಸೆಕೆಂಡಿಗೆ 6,000 ಕೋಟಿ ಕಂಪನಗಳ ತರಂಗಗಳಿಂದ ನಿಸ್ತಂತು ಯಂತ್ರಗಳು ಮಾತಾಡುತ್ತವೆ. ನಡುವೆ ಕೇಂದ್ರವೊಂದಿಲ್ಲದೆ ತಾವೇ ಜಾಲ ಕಟ್ಟಿಕೊಳ್ಳುವ ಯಂತ್ರಗಳಿಗೆ ನೆರೆಯ ಯಂತ್ರ ಯಾವ ದಿಕ್ಕಿನಲ್ಲಿದೆಯೆಂದು ಹೇಳುವವರಿಲ್ಲ. ಒಂದು ತನ್ನ ಕಿರಣವನ್ನು ದಿಕ್ಕುದಿಕ್ಕಿಗೆ ತಿರುಗಿಸಿ ಕರೆಯಬೇಕು. ಇನ್ನೊಂದು ಅದೇ ಗಳಿಗೆಯಲ್ಲಿ ಅದರತ್ತ ಕಿವಿಗೊಟ್ಟಿರಬೇಕು. ಈ ಹೊಂದಿಕೆ ತಪ್ಪಿದರೆ ಪಕ್ಕದಲ್ಲಿದ್ದರೂ ಅಪರಿಚಿತರೇ. ಈ ಹುಡುಕಾಟದ ಕಾಲವನ್ನು ತಗ್ಗಿಸಲು ಇಂದಿನ ಎಂಜಿನಿಯರುಗಳು ಶ್ರಮಿಸುತ್ತಿದ್ದಾರೆ. ಬೋಸರು ತೋರಿಸಿದ ಗುಣವೇ ಉಪಕಾರವೂ ಆಗಿದೆ, ತೊಡಕೂ ಆಗಿದೆ.

ಅವರ ಗ್ರಾಹಕ ಯಂತ್ರಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಅದರಿಂದ ಹಣ ಗಳಿಸಲು ಅವರು ಹೋಗಲಿಲ್ಲ. 1917ರಲ್ಲಿ ಕಲ್ಕತ್ತೆಯಲ್ಲಿ ಬೋಸ್ ವಿಜ್ಞಾನಮಂದಿರವನ್ನು ಸ್ಥಾಪಿಸಿ, 1937ನೆಯ ನವೆಂಬರ್ 23ರಂದು ಗಿರಿಡೀಯಲ್ಲಿ ಕಾಲವಾದರು. ಸಲಕರಣೆಯಿಲ್ಲವೆಂದು ಅವರು ಕೈಕಟ್ಟಿ ಕುಳಿತಿದ್ದರೆ ಆ ಚಿಕ್ಕ ಕೋಣೆಯಿಂದ ಜಗತ್ತಿಗೆ ಏನೂ ಬರುತ್ತಿರಲಿಲ್ಲ. ವಿದ್ಯಾರ್ಥಿಗಳಾದ ನಮಗೆ ಇದಕ್ಕಿಂತ ಬೇರೆ ಪಾಠ ಬೇಕಿಲ್ಲ.