ಗಲ್ಲಾದಿಂದ ಗಲ್ಲಿಗೆ!

ರಾತ್ರಿ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಗಲ್ಲಾದಲ್ಲಿ ಒಂದು ಖೋಟಾ ನೋಟು ಸಿಕ್ಕಿದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಹೋಗುವುದು ದುಡ್ಡು. ಆದರೆ 200 ವರ್ಷದ ಹಿಂದೆ ಲಂಡನ್ನಿನಲ್ಲಿ, ಗೊತ್ತಿದ್ದೂ ಅಂಥ ನೋಟು ದಾಟಿಸಿದ್ದಾನೆ ಅಂತ ಕೋರ್ಟು ನಂಬಿದರೆ ಸಾಕು, ಕುತ್ತಿಗೆಗೇ ಸಂಚಕಾರ. ಅದೂ ಒಂದು ಪೌಂಡಿಗೆ!

ಈ ಕಾನೂನಿನ ಮಾನ ಕಳೆದವನು ವಕೀಲನಲ್ಲ, ಪಾದ್ರಿಯಲ್ಲ. ಜಾರ್ಜ್ ಕ್ರೂಕ್‌ಶ್ಯಾಂಕ್ ಎಂಬ ವ್ಯಂಗ್ಯಚಿತ್ರಕಾರ. 1792ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ. ಅಪ್ಪ ಐಸಾಕ್‌ನದೂ ಅದೇ ಕಸುಬು, ಅಣ್ಣನದೂ ಅದೇ. ಶಾಲೆಗೆ ಹೋದದ್ದು ಕಮ್ಮಿ, ಕಲಿತದ್ದೆಲ್ಲ ಅಪ್ಪನ ಮೇಜಿನ ಪಕ್ಕದಲ್ಲಿ. ಮೀಸೆ ಚಿಗುರುವಷ್ಟರಲ್ಲಿ ದೊಡ್ಡ ದೊಡ್ಡವರ ಪೇಟ ಹಾರಿಸುವ ಚಿತ್ರ ಬರೆದು ಹೆಸರಾಗಿದ್ದ.

ಕಥೆ ಶುರುವಾದದ್ದು 1797ರಲ್ಲಿ. ಫ್ರಾನ್ಸಿನ ಜೊತೆ ಯುದ್ಧ, ಖಜಾನೆಯಲ್ಲಿ ಚಿನ್ನದ ಬರ. ನೋಟು ತಂದವರಿಗೆ ಚಿನ್ನ ಕೊಡುವುದನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ನಿಲ್ಲಿಸಿತು. ಬದಲಿಗೆ 1 ಪೌಂಡು, 2 ಪೌಂಡಿನ ನೋಟು ಹೊರಬಂದವು. ಅದುವರೆಗೆ ನೋಟಿನ ಮುಖವನ್ನೇ ನೋಡದ ಕೂಲಿಕಾರರ ಕೈಗೂ ಕಾಗದ ಬಂತು. ಎಷ್ಟೋ ಜನಕ್ಕೆ ಓದಲೇ ಬರದು, ಅಸಲಿ ಯಾವುದು, ನಕಲಿ ಯಾವುದು? ನೋಟಂತೂ ಎಷ್ಟು ಸಾದಾ ಎಂದರೆ, ಸ್ವಲ್ಪ ಕೈಚಳಕ ಇದ್ದವನು ನಕಲು ಹೊಡೆಯಬಹುದಿತ್ತು. ಬ್ಯಾಂಕು ನೋಟು ಸರಿಮಾಡಲಿಲ್ಲ, ಮೊಕದ್ದಮೆ ಹೂಡುತ್ತಾ ಹೋಯಿತು. 1821ರವರೆಗೆ ಗಲ್ಲಿಗೇರಿದವರು 300ಕ್ಕೂ ಮೇಲೆ. ಬೇಲಿ ಹಾಕದ ತೋಟದವನು ದನಕ್ಕೆ ಗುಂಡು ಹೊಡೆದ ಹಾಗೆ.

ಕ್ರೂಕ್‌ಶ್ಯಾಂಕ್ ಮುದುಕನಾದ ಮೇಲೆ ಹೇಳಿಕೊಂಡ ಪ್ರಕಾರ, ಒಂದು ಬೆಳಿಗ್ಗೆ ನ್ಯೂಗೇಟ್ ಜೈಲಿನ ಮುಂದೆ ಬರುತ್ತಿದ್ದಾಗ ನೇಣಿನಲ್ಲಿ ಹೆಣಗಳು ತೂಗುತ್ತಿದ್ದವು. ಅದರಲ್ಲಿ ಇಬ್ಬರು ಹೆಂಗಸರು. ಏನು ತಪ್ಪು ಮಾಡಿದರಪ್ಪಾ ಅಂತ ಕೇಳಿದರೆ, ಒಂದು ಪೌಂಡಿನ ಖೋಟಾ ನೋಟು ದಾಟಿಸಿದರಂತೆ. ಸೀದಾ ಮನೆಗೆ ಹೋದ, ಕೂತು ತಾನೂ ಒಂದು ನೋಟು ಬರೆದ.

ಎಂಥಾ ನೋಟು! ದೂರದಿಂದ ನೋಡಿದರೆ ಬ್ಯಾಂಕಿನದೇ ಅಚ್ಚು, ಅದೇ ಗಾತ್ರ. ಹತ್ತಿರ ಹಿಡಿದರೆ ಸಾಲಾಗಿ 11 ಹೆಣ. ಪೌಂಡಿನ ಗುರುತು ನೇಣಿನ ಹಗ್ಗದ್ದು. ಬ್ಯಾಂಕಿನ ಮುದ್ರೆಯಲ್ಲಿರುವ ಬ್ರಿಟಾನಿಯಾ ತಾಯಿ ಇಲ್ಲಿ ಮಕ್ಕಳನ್ನು ತಿನ್ನುವ ರಾಕ್ಷಸಿ. ಖಜಾಂಚಿಯ ಸಹಿ ಇರಬೇಕಾದ ಕಡೆ ಜೆ. ಕೆಚ್ ಎಂಬ ಸಹಿ. ಜಾಕ್ ಕೆಚ್ ಹಳೇ ಕಾಲದ ನೇಣುಗಾರ, ಅಲ್ಲಿಯ ಮಕ್ಕಳಿಗೂ ಗೊತ್ತಿದ್ದ ಹೆಸರು.

ಪುಸ್ತಕದಂಗಡಿಯ ವಿಲಿಯಂ ಹೋನ್ ಅದನ್ನು ಕಂಡವನೇ ಅಚ್ಚು ಹಾಕಿಸಲು ಹಠ ಹಿಡಿದ. ಹೋನ್ ಕೂಡ ಪುಕ್ಕಲನಲ್ಲ, 1817ರಲ್ಲಿ ಸರ್ಕಾರ ಹೂಡಿದ ಮೂರು ಕೇಸು ಗೆದ್ದು ಬಂದ ಆಸಾಮಿ. 1819ರ ಜನವರಿಯಲ್ಲಿ ಲಡ್ಗೇಟ್ ಹಿಲ್‌ನ ಅವನ ಅಂಗಡಿ ಮುಂದೆ ಜಾತ್ರೆ. ಜನರನ್ನು ಚದುರಿಸಲು ಪೊಲೀಸರು ಬರಬೇಕಾಯಿತಂತೆ. ಕೆಲವೇ ದಿನದಲ್ಲಿ ಹೋನ್‌ಗೆ 700 ಪೌಂಡು ಬಂತೆಂಬ ಮಾತೂ ಇದೆ.

ಗಲ್ಲು ನಿಂತದ್ದು ತನ್ನಿಂದಲೇ ಎಂದು ಕ್ರೂಕ್‌ಶ್ಯಾಂಕ್ ಕೊನೆತನಕ ಸಾಧಿಸಿದ. ಅದು ಸ್ವಲ್ಪ ಅತಿಯಾಯಿತು. 1818ರ ಕೊನೆಗಾಗಲೇ ಜ್ಯೂರಿಗಳು ಇಂಥ ಕೇಸಿನಲ್ಲಿ ಆರೋಪಿಗಳನ್ನು ಬಿಡಲು ಶುರುಮಾಡಿದ್ದರು. 1819ರಲ್ಲಿ ಮತ್ತೆ ಚಿನ್ನ ಕೊಡುವ ಕಾನೂನು ಬಂತು. ಆದರೂ ಖೋಟಾ ಕೇಸಿಗೆ ಗಲ್ಲು ಪೂರ್ತಿ ತಪ್ಪಿದ್ದು 1837ಕ್ಕೆ. ಆದರೆ ಅಂಕಿ ಓದಿ ಸುಮ್ಮನಿದ್ದ ಜನ ಆ ಚಿತ್ರ ನೋಡಿ ಸಾಲುಗಟ್ಟಿದ್ದಂತೂ ನಿಜ.

ಹಾಗಂತ ಈತ ಸಾಚಾ ಅಲ್ಲ. ರಾಜ ನಾಲ್ಕನೇ ಜಾರ್ಜನ ಹಾದರದ ಚಿತ್ರ ಬರೆಯುವುದಿಲ್ಲ ಎಂದು 1820ರಲ್ಲಿ 100 ಪೌಂಡು ಜೇಬಿಗಿಳಿಸಿದ. 1847ರಲ್ಲಿ ಕುಡಿತ ಬಿಟ್ಟ ಮೇಲೆ ಕಂಡಕಂಡವರಿಗೆ ಬುದ್ಧಿ ಹೇಳುತ್ತಿದ್ದ. ಗುಟ್ಟಿನ ಇನ್ನೊಂದು ಸಂಸಾರ, ಅದರಲ್ಲಿ 11 ಮಕ್ಕಳು ಇರುವುದು ಬಯಲಾದದ್ದು ಸತ್ತ ಮೇಲೆ!

ಡಿಕನ್ಸ್‌ನ ಆಲಿವರ್ ಟ್ವಿಸ್ಟ್ ಕಾದಂಬರಿಗೆ ಚಿತ್ರ ಬರೆದವನೂ ಈತನೇ. ನಾಳೆ ಗಲ್ಲು ಎಂದು ಗೊತ್ತಾದ ಮುದಿ ಕಳ್ಳ ಫೇಗಿನ್ ಜೈಲಿನಲ್ಲಿ ಉಗುರು ಕಚ್ಚುತ್ತಾ ಕೂತ ಚಿತ್ರವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ.

1868ರಲ್ಲಿ ಬಹಿರಂಗ ಗಲ್ಲು ನಿಂತಾಗ ಕ್ರೂಕ್‌ಶ್ಯಾಂಕ್ ಬದುಕಿದ್ದ. ಸತ್ತದ್ದು 1878ರ ಫೆಬ್ರವರಿ 1ರಂದು. ಅದೇ ವರ್ಷ ಅವನ ದೇಹವನ್ನು ಸೇಂಟ್ ಪಾಲ್ಸ್ ಕ್ಯಾಥೆಡ್ರಲ್‌ನಲ್ಲಿ ಇಟ್ಟರು. ಲಡ್ಗೇಟ್ ಹಿಲ್‌ನ ಮೇಲ್ತುದಿಯಲ್ಲೇ ಇದೆ ಅದು. ಅಲ್ಲಿಂದ ನ್ಯೂಗೇಟ್ ಜೈಲು ಆಗ ಕೂಗಳತೆ ದೂರದಲ್ಲಿತ್ತು. ಆ ಜೈಲಿನ ಗೋಡೆಯೊಳಗೆ ನೇಣು ಹಾಕುವುದು ಆಗಿನ್ನೂ ನಡೆದೇ ಇತ್ತು.