ಚಾವುಂಡರಾಯ

ಚಾವುಂಡರಾಯನು ಹತ್ತನೆಯ ಶತಮಾನದಲ್ಲಿ ತಲಕಾಡಿನ ಗಂಗರ ಮಂತ್ರಿಯೂ ದಂಡನಾಯಕನೂ ಆಗಿದ್ದವನು. ಕನ್ನಡದ ಪ್ರಾಚೀನ ಗದ್ಯಕಾರರಲ್ಲಿ ಒಬ್ಬನು. ಇಂದಿನ ಹಾಸನ ಜಿಲ್ಲೆ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನ ವಿಗ್ರಹವನ್ನು ಮಾಡಿಸಿದವನೆಂದು ಪ್ರಸಿದ್ಧನಾಗಿದ್ದಾನೆ. ತೋಳ್ಬಲ ಮತ್ತು ಬುದ್ಧಿಬಲ ಎರಡರಲ್ಲಿಯೂ ಹೆಸರಾದ ವ್ಯಕ್ತಿ ಈತ.

ರಾಜಕೀಯ ಜೀವನ

ಚಾವುಂಡರಾಯನು ಬ್ರಹ್ಮಕ್ಷತ್ರಿಯ ವಂಶದವನು. ಇಮ್ಮಡಿ ಮಾರಸಿಂಹ ಮತ್ತು ನಾಲ್ವಡಿ ರಾಚಮಲ್ಲ ಎಂಬ ಗಂಗ ಅರಸರ ಸೇವೆಯಲ್ಲಿದ್ದನು. ಖೇಡಗದ ಯುದ್ಧದಲ್ಲಿ ವಜ್ಜಳನನ್ನು ಸೋಲಿಸಿ ಸಮರಧುರಂಧರನೆಂದೂ, ಗೋನೂರಿನಲ್ಲಿ ನೊಳಂಬರೊಡನೆ ಹೋರಾಡಿ ವೀರಮಾರ್ತಂಡನೆಂದೂ, ಉಚ್ಚಂಗಿ ಕೋಟೆಯಲ್ಲಿ ರಾಜಾದಿತ್ಯನನ್ನು ಎದುರಿಸಿ ರಣರಂಗಸಿಂಗನೆಂದೂ ಬಿರುದು ಪಡೆದನು. ತನ್ನ ತಮ್ಮ ನಾಗವರ್ಮನನ್ನು ಕೊಂದ ಮುದುರಾಚಯ್ಯನನ್ನು ಕೊಂದುದಕ್ಕಾಗಿ ಸಮರಪರಶುರಾಮನೆಂಬ ಬಿರುದು ಬಂದಿತು.

973ರಲ್ಲಿ ಚಾಲುಕ್ಯ ತೈಲಪನು ರಾಷ್ಟ್ರಕೂಟರ ಅಧಿಕಾರವನ್ನು ಕಿತ್ತುಕೊಂಡನು. ರಾಷ್ಟ್ರಕೂಟರ ಪಕ್ಷದಲ್ಲಿದ್ದ ಮಾರಸಿಂಹನು ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದನು. ಇದರಿಂದ ಗಂಗರಾಜ್ಯವು ಒಡಕಿಗೆ ಸಿಲುಕಿತು. ಆಗ ಚಾವುಂಡರಾಯನು ಪಂಚಲದೇವನ ಎದುರು ರಾಚಮಲ್ಲನ ಪಕ್ಷ ಹಿಡಿದು ಸಿಂಹಾಸನವನ್ನು ಉಳಿಸಿಕೊಟ್ಟನು.

ವಿದ್ವತ್ತು ಮತ್ತು ಆಶ್ರಯ

978ರಲ್ಲಿ ಈತನು ರಚಿಸಿದ ತ್ರಿಷಷ್ಟಿಲಕ್ಷಣ ಮಹಾಪುರಾಣವು ಚಾವುಂಡರಾಯ ಪುರಾಣವೆಂದೇ ಪ್ರಸಿದ್ಧ. ಜಿನಸೇನ, ಗುಣಭದ್ರರ ಸಂಸ್ಕೃತ ಮಹಾಪುರಾಣವನ್ನು ಆಧರಿಸಿ, ಅರುವತ್ತಮೂರು ಶಲಾಕಾಪುರುಷರ ಚರಿತ್ರೆಯನ್ನು ಇದು ಗದ್ಯದಲ್ಲಿ ಹೇಳುತ್ತದೆ. ಚಂಪೂಕಾವ್ಯಗಳೇ ಪ್ರಬಲವಾಗಿದ್ದ ಕಾಲದ ಈ ಕೃತಿಯು ವಡ್ಡಾರಾಧನೆಯೊಂದಿಗೆ ಹಳಗನ್ನಡ ಗದ್ಯದ ಮುಖ್ಯ ನಿದರ್ಶನವಾಗಿದೆ. ಚಾರಿತ್ರಸಾರ ಈತನ ಸಂಸ್ಕೃತ ಕೃತಿ. ಕವಿ ರನ್ನನಿಗೆ ಈತನು ಆಶ್ರಯ ನೀಡಿದನು. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಪ್ರಾಕೃತದ ಗೊಮ್ಮಟಸಾರವನ್ನು ರಚಿಸಿದ್ದು ಈತನಿಗಾಗಿ. ಗೊಮ್ಮಟ ಎಂಬುದು ಈತನ ಇನ್ನೊಂದು ಹೆಸರಾಗಿತ್ತು. ವಿಗ್ರಹಕ್ಕೆ ಆ ಹೆಸರು ಬಂದುದು ಇದರಿಂದಲೇ ಎಂಬ ಅಭಿಪ್ರಾಯವಿದೆ.

ಗೊಮ್ಮಟ ವಿಗ್ರಹ

ಸುಮಾರು 981ರಲ್ಲಿ ವಿಂಧ್ಯಗಿರಿಯ ಮೇಲೆ ಏಕಶಿಲೆಯಲ್ಲಿ ಕಡೆಯಲಾದ ಬಾಹುಬಲಿಯ ವಿಗ್ರಹವು ಸುಮಾರು 58 ಅಡಿ ಎತ್ತರವಿದೆ. ಇದನ್ನು ಮಾಡಿಸಿದವನು ಚಾವುಂಡರಾಯನೆಂದು ಪಾದದ ಬಳಿಯ ಕನ್ನಡ, ತಮಿಳು, ಮರಾಠಿ ಶಾಸನಗಳು ತಿಳಿಸುತ್ತವೆ.

ಜೈನ ಪುರಾಣದಂತೆ ಭರತ ಮತ್ತು ಬಾಹುಬಲಿಯರ ಸೇನೆಗಳು ಎದುರಾದಾಗ, ಜನಕ್ಷಯ ತಪ್ಪಿಸಲು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಸೂಚಿಸಿದರು. ಮೂರರಲ್ಲಿಯೂ ಬಾಹುಬಲಿಯೇ ಗೆದ್ದನು. ಮೇಲೆತ್ತಿದ ಅಣ್ಣನನ್ನು ನೆಲಕ್ಕೆ ಅಪ್ಪಳಿಸದೆ ಇಳಿಸಿದನು. ಭರತನು ಪ್ರಯೋಗಿಸಿದ ಚಕ್ರವು ಅವನನ್ನು ತಾಗಲಿಲ್ಲ. ಬಳಿಕ ಗೆದ್ದ ರಾಜ್ಯವನ್ನು ತೊರೆದು ತಪಸ್ಸಿಗೆ ನಿಂತನು. ಗ್ರೀಕ್ ಮಹಾಕಾವ್ಯ ಪರಂಪರೆಯಲ್ಲಿ ಅಕಿಲೀಸನ ಆಯುಧಗಳಿಗಾಗಿ ಬಲಶಾಲಿ ಏಜಾಕ್ಸ್ ಮತ್ತು ಯುಕ್ತಿವಂತ ಒಡಿಸ್ಸಿಯಸ್ ಸ್ಪರ್ಧಿಸುತ್ತಾರೆ. ಅಲ್ಲಿ ಗೆಲ್ಲುವುದು ಯುಕ್ತಿ. ಬಾಹುಬಲಿಯ ಕಥೆಯಲ್ಲಿ ಮಂತ್ರಿಗಳ ಯುಕ್ತಿ ಸೇನೆಗಳನ್ನು ಉಳಿಸುತ್ತದೆ, ಭುಜಬಲ ಗೆಲ್ಲುತ್ತದೆ, ಆದರೆ ಗೆಲುವನ್ನು ಬಿಟ್ಟುಕೊಡುವುದೇ ಹಿರಿದೆನಿಸುತ್ತದೆ. ಯುದ್ಧಗಳಿಂದ ಬಿರುದು ಗಳಿಸಿದ ದಂಡನಾಯಕನು ನಿಲ್ಲಿಸಿದ್ದು ಆಯುಧವಿಲ್ಲದ ಈ ವಿಜೇತನನ್ನು.

ಐತಿಹ್ಯ

ಮೊದಲ ಅಭಿಷೇಕದಲ್ಲಿ ಚಾವುಂಡರಾಯನು ಎಷ್ಟು ಹಾಲೆರೆದರೂ ಅದು ವಿಗ್ರಹದ ಪಾದದವರೆಗೆ ಇಳಿಯಲಿಲ್ಲವೆಂದೂ, ಮುದುಕಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ಸ್ವಲ್ಪ ಹಾಲು ಇಡೀ ಮೂರ್ತಿಯನ್ನು ತೋಯಿಸಿತೆಂದೂ, ಇದರಿಂದ ಅವನ ಗರ್ವ ಇಳಿಯಿತೆಂದೂ ಹೇಳುತ್ತಾರೆ. ಗುಳ್ಳಕಾಯಜ್ಜಿಯ ಶಿಲ್ಪವು ಗೊಮ್ಮಟನ ಎದುರಿನಲ್ಲಿದೆ.

ಸ್ಮಾರಕಗಳು

ಚಂದ್ರಗಿರಿಯಲ್ಲಿ ಚಾವುಂಡರಾಯ ಬಸದಿ ಇದೆ. ಅದರ ಮೇಲಂತಸ್ತಿನ ಪಾರ್ಶ್ವನಾಥ ಮೂರ್ತಿಯ ಪೀಠದ ಶಾಸನವು ಈತನ ಮಗ ಜಿನದೇವಣನನ್ನು ಹೆಸರಿಸುತ್ತದೆ. ವಿಂಧ್ಯಗಿರಿಯ ತ್ಯಾಗದ ಬ್ರಹ್ಮದೇವರ ಕಂಬದ ಮೇಲೆ ಈತನ ಪರಾಕ್ರಮಗಳ ಶಾಸನವಿತ್ತು. ಸುಮಾರು 1200ರಲ್ಲಿ ಹೆಗ್ಗಡೆ ಕಣ್ಣನು ತನ್ನ ಕೆಲವೇ ಸಾಲುಗಳ ಶಾಸನಕ್ಕಾಗಿ ಅದರ ಮೂರು ಮುಖಗಳನ್ನು ಅಳಿಸಿದನು. ಹೀಗಾಗಿ ಈತನ ಚರಿತ್ರೆಯ ಬಹುಭಾಗ ಇಲ್ಲವಾಗಿದ್ದು, ಒಂದು ಮುಖದ ಬರಹ ಮಾತ್ರ ಉಳಿದಿದೆ. ಹನ್ನೆರಡು ವರ್ಷಗಳಿಗೊಮ್ಮೆ ಗೊಮ್ಮಟನಿಗೆ ಮಹಾಮಸ್ತಕಾಭಿಷೇಕ ನಡೆಯುತ್ತದೆ, 2018ರಲ್ಲಿಯೂ ನಡೆಯಿತು.