ತಯಾರಿಗೆ ಸಮಯವೇ ಸಿಗದ ಮಹಾರಾಣಿ

ನಮ್ಮ ವಯಸ್ಸಿನವರ ಬದುಕೆಲ್ಲ ಈಗ ತಯಾರಿಯಲ್ಲೇ ಕಳೆಯುತ್ತಿದೆ. ಸೆಮಿಸ್ಟರ್ ಪರೀಕ್ಷೆಗೆ, ಕ್ಯಾಂಪಸ್ ಸಂದರ್ಶನಕ್ಕೆ, ಪಿಎಸ್‌ಐ, ಎಫ್‌ಡಿಎ ಹುದ್ದೆಗೆ ಓದುತ್ತಾ ಅಧಿಸೂಚನೆಗಾಗಿ ಕಾಯುತ್ತೇವೆ. ಆದರೆ ಯಾವ ಮುನ್ಸೂಚನೆಯೂ ಇಲ್ಲದೆ, 28ನೇ ವಯಸ್ಸಿಗೆ ಒಂದು ರಾಜ್ಯದ ಹೊಣೆ ಹೊತ್ತವರು ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿ. ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ನನಗೆ ಅವರ ಬದುಕು ಬಹಳ ಹತ್ತಿರವೆನಿಸುತ್ತದೆ.

1866ರಲ್ಲಿ ಕಳಲೆ ಅರಸು ಮನೆತನದಲ್ಲಿ ಹುಟ್ಟಿದ ಅವರು, 12ನೇ ವಯಸ್ಸಿಗೆ ಚಾಮರಾಜೇಂದ್ರ ಒಡೆಯರ ಕೈಹಿಡಿದು ಅರಮನೆ ಸೇರಿದರು. 1894ರ ಡಿಸೆಂಬರ್ 28ರಂದು ಕಲ್ಕತ್ತೆಯಲ್ಲಿದ್ದ ಮಹಾರಾಜರು ಗಂಟಲುಮಾರಿ ರೋಗಕ್ಕೆ ತುತ್ತಾದರು. ಅವರಿಗಿನ್ನೂ 31 ವರ್ಷ. ಪಟ್ಟಕ್ಕೆ ಬರಬೇಕಿದ್ದ ಮಗ ಕೃಷ್ಣರಾಜನಿಗೆ ಬರೀ ಹತ್ತು. ಗಂಡ ಸತ್ತ ಹೆಣ್ಣನ್ನು ಮೂಲೆಯಲ್ಲಿ ಕೂರಿಸುತ್ತಿದ್ದ ಕಾಲದಲ್ಲಿ ಅವರು ಮಗನ ಪರವಾಗಿ ರಾಜಪ್ರತಿನಿಧಿಯಾದರು.

ಆ ಹೊಣೆಯ ಭಾರ ತಿಳಿಯಬೇಕಾದರೆ ಇನ್ನೊಂದು ಸಂಗತಿ ನೆನಪಿರಬೇಕು. 1831ರಲ್ಲಿ ಆಡಳಿತವನ್ನು ಕಿತ್ತುಕೊಂಡ ಬ್ರಿಟಿಷರು 50 ವರ್ಷ ತಾವೇ ಮೈಸೂರನ್ನು ಆಳಿ, 1881ರಲ್ಲಷ್ಟೇ ಒಡೆಯರಿಗೆ ಮರಳಿಸಿದ್ದರು. ಆಡಳಿತ ಹದಗೆಟ್ಟಿದ್ದರೆ ಮತ್ತೆ ಕೈಹಾಕಲು ಅವರಿಗೆ ನೆಪ ಸಿಗುತ್ತಿತ್ತು.

ಕಷ್ಟಗಳೂ ಒಂದರ ಹಿಂದೊಂದು ಬಂದವು. 1897ರಲ್ಲಿ ಹಿರಿಯ ಮಗಳ ಮದುವೆಯ ಸಮಯದಲ್ಲೇ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು. ಮರುವರ್ಷ ಬೆಂಗಳೂರಿಗೆ ಪ್ಲೇಗ್ ಬಂತು. ಅದರ ನಡುವೆಯೂ ಕೆಲಸ ನಿಲ್ಲಲಿಲ್ಲ. ಇಂದು ನಾವು ನೋಡುವ ಮೈಸೂರು ಅರಮನೆಯ ಕಟ್ಟಡ ಶುರುವಾಯಿತು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ಬಾಗಿಲು ತೆರೆಯಿತು. 1902ರ ಜೂನ್‌ನಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿ ಮುಟ್ಟಿತು. ಯೋಜನೆ ರೂಪಿಸಿದವರು ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಎಂಜಿನಿಯರುಗಳು, ನಿಜ. ಆದರೆ ಅಂಥ ಖರ್ಚಿಗೆ ಒಪ್ಪಿ, ಫಲ ಬರುವ ತನಕ ತಾಳಿಕೊಳ್ಳುವವರೊಬ್ಬರು ಮೇಲಿರಬೇಕಲ್ಲ!

ಇಷ್ಟರ ನಡುವೆ ಮಗನ ಓದನ್ನು ಅವರು ಕೈಬಿಡಲಿಲ್ಲ. ಸ್ಟುವರ್ಟ್ ಫ್ರೇಜರ್ ಎಂಬ ಅಧಿಕಾರಿ ಬಾಲಕನ ಗುರುವಾಗಿದ್ದರು. ತಮಗೆ ಸಿಗದ ತಯಾರಿಯ ಕಾಲವನ್ನು ಆ ತಾಯಿ ಮಗನಿಗೆ ಒದಗಿಸಿಕೊಟ್ಟರು. 1902ರ ಆಗಸ್ಟ್ 8ರಂದು, ಮಗನಿಗೆ 18 ತುಂಬಿದ ಮೇಲೆ, ಅಧಿಕಾರವನ್ನು ಒಪ್ಪಿಸಿ ಹಿಂದೆ ಸರಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಮುಂದೆ ಏನೇನು ಮಾಡಿದರೆಂದು ನಮಗೆಲ್ಲ ಗೊತ್ತಿದೆ.

ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಅವರ ಆಳ್ವಿಕೆಗೆ ಸೇರಿರಲಿಲ್ಲ. ಆಗ ನಾವು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯವರು. ಆದರೆ ಕೂಡ್ಲಿಗಿಯಿಂದ ಹೆದ್ದಾರಿ ಹಿಡಿದು ಚಿತ್ರದುರ್ಗ ದಾಟಿ ಹಿರಿಯೂರಿಗೆ ಹೋದರೆ ವೇದಾವತಿಗೆ ಅಡ್ಡಲಾಗಿ ಅವರ ಹೆಸರಿನ ಜಲಾಶಯವಿದೆ: ವಾಣಿವಿಲಾಸ ಸಾಗರ. 1898ರಲ್ಲಿ, ಅವರ ಕಾಲದಲ್ಲೇ ಕೆಲಸ ಶುರುವಾಯಿತು, ಮುಗಿದದ್ದು 1907ರಲ್ಲಿ. 130 ಅಡಿ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಮರುವರ್ಷ ಮಹಾರಾಣಿ ತೀರಿಕೊಂಡರು. ಮತ್ತೆ ಕೋಡಿ ಹರಿದದ್ದು 2022ರಲ್ಲಿ. ನಮ್ಮಂತೆಯೇ ಮಳೆ ಕಾಯುವ ಸೀಮೆ ಅದು.

ನಮ್ಮ ಕಡೆ ಮನೆಯ ಯಜಮಾನ ದಿಢೀರನೆ ಹೋದರೆ, ಎಷ್ಟೋ ಮನೆಗಳಲ್ಲಿ ಮೊದಲು ನಿಲ್ಲುವುದು ಮಗಳ ಓದು. ಪಹಣಿ ಎಲ್ಲಿದೆ, ಸೊಸೈಟಿ ಸಾಲ ಎಷ್ಟಿದೆ, ಪಾಸ್‌ಬುಕ್‌ನಲ್ಲಿ ಏನಿದೆ ಎಂಬುದನ್ನು ಅವ್ವನಿಗೆ ಯಾರೂ ಹೇಳಿರುವುದಿಲ್ಲ. ಮಹಾರಾಣಿಗೆ ಸಲಹೆ ಕೊಡಲು ದಿವಾನರಿದ್ದರು, ಕೌನ್ಸಿಲ್ ಇತ್ತು. ಅವ್ವನಿಗೆ ಇರುವವರು ಓದಿದ ಮಕ್ಕಳು, ಅಂದರೆ ನಾವು. ಗೆಳೆಯರೇ, ಈ ಸಲ ರಜೆಗೆ ಊರಿಗೆ ಹೋದಾಗ ಅಪ್ಪನ ಜೊತೆಗೆ ಅವ್ವನನ್ನೂ ಕೂರಿಸಿಕೊಂಡು ಆ ಕಾಗದಗಳನ್ನು ಒಮ್ಮೆ ಬಿಚ್ಚಿ ಓದೋಣ. ಎಲ್ಲರೂ ಚೆನ್ನಾಗಿರುವಾಗಲೇ ಈ ಕೆಲಸ ಆಗಲಿ.